ಕೌದಿಯ ಹೊಟ್ಟೆ

ಯಾವ ವಸ್ತುವನ್ನು ಕೈಗೆ ಕೊಟ್ಟರೂ ಕಾಕಾ ಮೊದಲು ಅದರ ಅಂಚಿನ ಮೇಲೆ ಹೆಬ್ಬೆರಳು ಸವರುತ್ತಿದ್ದರು. ಚಹಾದ ಬಸಿ, ಸ್ಟೀಲಿನ ತಾಟು, ಬಾಗಿಲ ಚಿಲಕ, ಕೊನೆಗೆ ಪ್ರಸಾದದ ಬಾಳೆಹಣ್ಣು ಕೂಡ. ಆ ಹೆಬ್ಬೆರಳಿಗೆ ಉಗುರು ಅರ್ಧವೇ ಇತ್ತು. ಉಳಿದರ್ಧವನ್ನು ಕಾರ್ಖಾನೆಯ ಗ್ರೈಂಡಿಂಗ್ ಚಕ್ರ ಎಂದೋ ತಿಂದುಹಾಕಿತ್ತು. ನಮ್ಮ ಕಣ್ಣಿಗೆ ಕಾಣದ ಒರಟು ಆ ಬೆರಳಿಗೆ ಸಿಗುತ್ತಿತ್ತು. ಸವರಿ ನೋಡಿ ಒಪ್ಪಿಗೆಯಾದರೆ "ಸೈಜಿನ್ಯಾಗ ಅದ" ಎನ್ನುತ್ತಿದ್ದರು. ಚಹಾ ಚೆನ್ನಾಗಿದ್ದರೂ ಅದೇ ಮಾತು, ಹವೆ ಚೆನ್ನಾಗಿದ್ದರೂ ಅದೇ ಮಾತು. ನನ್ನ ಗಂಡನಿಗೂ ಒಮ್ಮೆ, "ನಿಮ್ಮ ಯಜಮಾನ್ರು ಸೈಜಿನ್ಯಾಗ ಇದ್ದಾರವಾ" ಎಂದು ಸರ್ಟಿಫಿಕೇಟು ಕೊಟ್ಟಿದ್ದರು.

ನಾನು ಮದುವೆಯಾಗಿ ಧಾರವಾಡದ ಕಡೆಯಿಂದ ಚಿಂಚವಾಡಕ್ಕೆ ಬಂದದ್ದು ತೊಂಬತ್ತರ ದಶಕದ ಮೊದಲಿಗೆ. ಕಾರ್ಮಿಕರ ಕಾಲೊನಿಯ ಹಳೆಯ ಕಟ್ಟಡ, ಎರಡನೇ ಅಂತಸ್ತಿನಲ್ಲಿ ಉದ್ದನೆಯ ಗ್ಯಾಲರಿ, ಅದಕ್ಕೆ ಸಾಲಾಗಿ ಬಾಗಿಲುಗಳು. ಒಂದು ತುದಿಯ ಮನೆ ನಮ್ಮದು, ಇನ್ನೊಂದು ತುದಿಯದು ಕಾಕಾ ಅವರದು. ಕನ್ನಡದ ಮನೆಗಳು ಇವೆರಡೇ. ನಡುವೆ ಇದ್ದವರೆಲ್ಲ ಮರಾಠಿಯವರು, ಒಳ್ಳೆಯ ಜನ. ಆದರೆ ನನಗೆ ಬರುತ್ತಿದ್ದ ಮರಾಠಿಯಲ್ಲಿ ತರಕಾರಿ ಕೊಳ್ಳಬಹುದಿತ್ತು, ಮನಸ್ಸು ಬಿಚ್ಚಿ ಮಾತಾಡಲು ಆಗುತ್ತಿರಲಿಲ್ಲ. ನನ್ನ ಗಂಡನದು ಮೊದಲು ಪಿಂಪ್ರಿಯಲ್ಲೇ ಕೆಲಸ. ಆಮೇಲೆ ಕಂಪನಿ ರಾಂಜಣಗಾಂವದಲ್ಲಿ ಹೊಸ ಘಟಕ ತೆರೆದು ಅವರನ್ನು ಅಲ್ಲಿಗೆ ಹಾಕಿತು. ಕಂಪನಿ ಬಸ್ಸು ಬೆಳಕು ಹರಿಯುವ ಮುಂಚೆ ಕರೆದೊಯ್ದು ಕತ್ತಲಾದ ಮೇಲೆ ತಂದು ಬಿಡುತ್ತಿತ್ತು. ನಮಗೆ ಮಕ್ಕಳಾಗಿರಲಿಲ್ಲ. ಊರಿನವರು ಕೇಳಿ ಕೇಳಿ ಸಾಕಾಗಿ ಸುಮ್ಮನಾಗಿದ್ದರು. ಮಧ್ಯಾಹ್ನ ಒಬ್ಬಳೇ ಬಡಿಸಿಕೊಂಡು, ಗೋಡೆ ನೋಡುತ್ತ ಉಂಡು, ತಾಟು ತೊಳೆದಿಟ್ಟರೆ ನನ್ನ ದಿನ ಮುಗಿದ ಹಾಗೆ. ಹೇಳಲು ನಾಚಿಕೆ ಯಾಕೆ, ಆ ವರ್ಷಗಳಲ್ಲಿ ಒಂಟಿತನ ನನ್ನನ್ನು ಹಿಂಡಿ ಹಾಕಿತ್ತು.

ಕಾಕಾ ಒಂಟಿತನದಲ್ಲಿ ನನಗಿಂತ ಬಹಳ ಸೀನಿಯರು. ರೋಣದ ಕಡೆಯ ಹಳ್ಳಿಯಿಂದ ಮೀಸೆ ಚಿಗುರುವ ವಯಸ್ಸಿಗೆ ಬಂದವರು, ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿದವರು. ಉಳಿದವರು ಯಂತ್ರ ನಡೆಸಿದರೆ ಡ್ರಾಯಿಂಗಿನ ಅಳತೆ ನೋಡಿ ಆ ಯಂತ್ರಕ್ಕೆ ಬೇಕಾದ ಹತ್ಯಾರ ಮಾಡಿಕೊಡುವುದು ಇವರ ಕೆಲಸ. ಮದುವೆಯಾಗಲಿಲ್ಲ. ತಂಗಿಯರ ಮದುವೆಗಳು ಮುಗಿಯುವ ಹೊತ್ತಿಗೆ ಇವರ ವಯಸ್ಸು ಮೀರಿತ್ತು ಎಂದು ನನ್ನ ಗಂಡ ಹೇಳಿದ್ದರು. ನಾನೇ ಕೇಳಿದಾಗ ಕಾಕಾ ಮಾತ್ರ, "ಡ್ರಾಯಿಂಗ್ ಬರೂದು ತಡ ಆತವಾ, ಅಷ್ಟೊತ್ತಿಗೆ ಮಟೀರಿಯಲ್ ಜಂಗ್ ಹಿಡದಿತ್ತು" ಎಂದು ನಕ್ಕುಬಿಟ್ಟರು. ಊಟ ಎರಡೂ ಹೊತ್ತು ಸ್ಟೇಷನ್ ಹಿಂದಿನ ಖಾನಾವಳಿಯಲ್ಲಿ. ನಮ್ಮ ಕಡೆಯ ಹೆಣ್ಣುಮಗಳೊಬ್ಬರು ನಡೆಸುತ್ತಿದ್ದರು; ಎಲ್ಲರಿಗೂ ಅವರು ಅಕ್ಕಾರು. ಹಬ್ಬ ಬಂತೆಂದರೆ ಹುಡುಗರೆಲ್ಲ ಊರಿಗೆ ಹೋಗುವುದರಿಂದ ಖಾನಾವಳಿ ಬಂದ್. ಹೀಗಾಗಿ ಕಾಕಾ ಅವರಿಗೆ ದೀಪಾವಳಿ, ಯುಗಾದಿ, ಪಂಚಮಿ ಎಲ್ಲವೂ ಬೇಕರಿಯ ಪಾವು ಮತ್ತು ಬಾಳೆಹಣ್ಣು. ನಾನು ಹಬ್ಬದಡುಗೆ ಕೊಟ್ಟರೆ ಡಬ್ಬಿಯ ಅಂಚು ಸವರಿ ಇಸಿದುಕೊಳ್ಳುತ್ತಿದ್ದರು, ಆದರೆ ಒಳಗೆ ಬಂದು ಉಣ್ಣಿರೆಂದರೆ ಒಲ್ಲೆ ಎನ್ನುತ್ತಿದ್ದರು. ಯಜಮಾನರಿಲ್ಲದ ಮನೆ ಎಂಬ ಸಂಕೋಚ.

ತೊಂಬತ್ತರ ದಶಕದ ಕೊನೆಯಲ್ಲಿ ಹೊಸ ನಮೂನೆಯ ಯಂತ್ರಗಳು ಬಂದವು. ಟೂಲ್ ರೂಮಿನ ಹಳಬರಿಗೆಲ್ಲ ಸ್ವಯಂ ನಿವೃತ್ತಿ ಕೊಟ್ಟು ಕಳಿಸಿದರು. ಕಾಕಾ ಒಂದು ಶಾಲು, ಒಂದು ಗೋಡೆ ಗಡಿಯಾರ ಹಿಡಿದು ಮನೆಗೆ ಬಂದರು. ಮರುದಿನದಿಂದ ಗ್ಯಾಲರಿಯ ಕಟಕಟೆಗೆ ಒರಗಿ ನಿಲ್ಲುವುದೇ ಅವರ ಡ್ಯೂಟಿ. ಕೈಗಳಿಗೆ ಏನು ಮಾಡಬೇಕೆಂದು ತಿಳಿಯದೆ ಕಟಕಟೆಯ ಸಳಿಗಳನ್ನು ಒಂದೊಂದಾಗಿ ಸವರುತ್ತ ನಿಲ್ಲುತ್ತಿದ್ದರು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಆ ವರ್ಷ ದೀಪಾವಳಿ ಮುಗಿದು ಚಳಿ ಹತ್ತಿದಾಗ ಒಂದು ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದರು. ಎರಡೂ ಕೈಯಲ್ಲಿ ಕೂಸನ್ನು ಎತ್ತಿಕೊಂಡ ಹಾಗೆ ಒಂದು ಗಂಟು. ಗ್ಯಾಲರಿಯಲ್ಲೇ ಬಿಚ್ಚಿ ಹಾಸಿದರು. ಕೌದಿ. ಹಳೆ ಸೀರೆಗಳನ್ನು ಪದರ ಹಾಕಿ ಹೊಲಿದ ಹೊದಿಕೆ. ಒಂದು ಕಾಲದಲ್ಲಿ ಕೌದಿಯಾಗಿತ್ತು ಎನ್ನಬೇಕು. ತೇಪೆಗಳ ನಡುವೆ ದಾರ ಮಾತ್ರ ಉಳಿದು ಜಾಳುಜಾಳಾಗಿತ್ತು.

"ನಮ್ಮವ್ವ ಹೊಲದದ್ದು" ಎಂದರು. "ನಾ ಊರು ಬಿಡೂ ಮುಂದ ಟ್ರಂಕಿನ್ಯಾಗ ಹಾಕಿ ಕೊಟ್ಟಿದ್ಲು. ಈಗ ಹೊಚ್ಚಿಕೊಂಡ್ರ ಕಾಲು ಸಿಕ್ಕು ಹರೀತದ. ಪೂರಾ ಹೋಗೂದ್ರೊಳಗ ಏನರೆ ಮಾಡಬೇಕು. ತಂಗಿ, ನಿನಗ ಕೌದಿ ಹೊಲ್ಯಾಕ ಬರ್ತದೇನವಾ?"

ಬರುತ್ತದೆ ಎನ್ನಲು ಬಾಯಿ ಬರಲಿಲ್ಲ. ನಮ್ಮಜ್ಜಿ ಹೊಲಿಯುವಾಗ ಪಕ್ಕದಲ್ಲಿ ಕುಳಿತು ನೋಡಿದ್ದೆ, ಸೂಜಿಗೆ ದಾರ ಪೋಣಿಸಿ ಕೊಟ್ಟಿದ್ದೆ, ಅಷ್ಟೇ. "ಹಳೀ ಕೌದಿ ಒಗೀಬಾರದ್ರಿ ಕಾಕಾ. ಅದರ ಮ್ಯಾಲೊಂದು ಕೆಳಗೊಂದು ಅರಿವಿ ಹಾಕಿ ಹೊಲದ್ರ ಅದೇ ಹೊಸಾ ಕೌದಿ ಆಗ್ತದ. ಒಳಗ ನಿಮ್ಮವ್ವಂದು ಹಂಗೇ ಇರ್ತದ" ಎಂದೆ.

ಅವರ ಮುಖ ಅರಳಿತು. "ಹಂಗಾರ ಏನೇನು ಹತ್ಯಾರ ಬೇಕು ಹೇಳು."

"ಏನ್ ಹತ್ಯಾರ ಕಾಕಾ, ಸೂಜಿ, ದಾರ, ಕತ್ತರಿ."

"ಸೂಜಿ ಎಷ್ಟು ಉದ್ದ? ಎಷ್ಟು ದಪ್ಪ? ಅದರ ಕಣ್ಣು ಗುಂಡಗೋ ಉದ್ದಕೋ?"

ನನಗೆ ನಗು ತಡೆಯಲಿಲ್ಲ. ಆದರೆ ಅವರು ನಗಲಿಲ್ಲ, ಉತ್ತರಕ್ಕೆ ಕಾಯುತ್ತ ನಿಂತರು. ಆಗ ನಾನು ಕಣ್ಣು ಮುಚ್ಚಿ ಅಜ್ಜಿಯ ಕೈಗಳನ್ನು ನೆನಪು ಮಾಡಿಕೊಳ್ಳಬೇಕಾಯಿತು. ಸೂಜಿ ಬೆರಳುದ್ದ, ಹಲವು ಪದರ ದಾಟಬೇಕು. ದಾರ ಹೂವು ಕಟ್ಟುವಷ್ಟು ದಪ್ಪ. ಮೇಣದ ಒಂದು ತುಂಡು. ದಾರವನ್ನು ಅದರ ಮೇಲೆ ಎಳೆದರೆ ಗಂಟು ಬೀಳುವುದಿಲ್ಲ. ಸೂಜಿಯ ಹಿಂಭಾಗ ದೂಡುವ ಬೆರಳಿಗೆ ಒಂದು ಲೋಹದ ಟೊಪ್ಪಿಗೆ, ಇಲ್ಲವಾದರೆ ಬೆರಳು ತೂತು. ಬಟ್ಟೆ ಜರುಗದ ಹಾಗೆ ನಾಲ್ಕು ಮೂಲೆಗೆ ಭಾರದ ಕಲ್ಲು. ಮತ್ತೆ ಕುಳಿತು ಹೊಲಿಯಲು ಸಾಪಾದ ನೆಲ. ಹೇಳುತ್ತ ಹೇಳುತ್ತ ಅಜ್ಜಿಯ ಸೀರೆಯ ವಾಸನೆ ಮೂಗಿಗೆ ಬಂದು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಕಾಕಾ ಕಟಕಟೆಯ ಕಡೆ ಮುಖ ತಿರುಗಿಸಿ ನಿಂತು ನನಗೆ ಸುಧಾರಿಸಿಕೊಳ್ಳಲು ಬಿಟ್ಟರು.

ಮರುದಿನವೇ ಪೇಟೆಗೆ ಹೋಗಿ ಸೂಜಿ, ದಾರ ತಂದರು. ಅಂಗಡಿಯಲ್ಲಿ ಬೆರಳ ಟೊಪ್ಪಿಗೆ ಸಿಕ್ಕಿತ್ತು, ಆದರೆ "ಅದು ತಗಡು, ಔಟ್ ಆಫ್ ಸೈಜ್" ಎಂದು ಬಿಟ್ಟು ಬಂದಿದ್ದರು. ಭೋಸರಿಯಲ್ಲಿ ಅವರ ಗೆಳೆಯರೊಬ್ಬರ ಸಣ್ಣ ವರ್ಕ್‌ಶಾಪು ಇತ್ತು. ಅಲ್ಲಿನ ಲೇಥಿನ ಮೇಲೆ ಹಿತ್ತಾಳೆಯದು ತಾವೇ ಮಾಡುತ್ತೇನೆಂದರು. ನನ್ನ ಬೆರಳಿನ ಅಳತೆ ಬೇಕಿತ್ತು. ಕೈ ಹಿಡಿದು ಅಳೆಯುವ ಪೈಕಿಯವರಲ್ಲ ಅವರು. ಒಂದು ಕಾಗದದ ಪಟ್ಟಿ ಕೊಟ್ಟು, "ಬೆರಳಿಗೆ ಸುತ್ತಿ, ಎಲ್ಲಿ ಕೂಡ್ತದ ಅಲ್ಲಿ ಹರದು ಕೊಡು" ಎಂದರು. ಎರಡು ದಿನ ಬಿಟ್ಟು ಬಂದ ಟೊಪ್ಪಿಗೆಗೆ ಹೊರಗೆ ಸಣ್ಣ ಸಣ್ಣ ಕುಳಿಗಳು, ಸೂಜಿ ಜಾರಬಾರದೆಂದು. ಒಳಗೆ ಕನ್ನಡಿಯಷ್ಟು ನುಣುಪು. ಮದುವೆಯ ಉಂಗುರ ಕೂಡ ನನಗೆ ಅಷ್ಟು ಸರಿಯಾಗಿ ಕುಳಿತಿರಲಿಲ್ಲ. ಮೂಲೆಗೆ ಇಡಲು ಕಲ್ಲಿನ ಬದಲು ಕಬ್ಬಿಣದ ಗಟ್ಟಿಗಳು ಬಂದವು, ಬಟ್ಟೆಗೆ ತುಕ್ಕು ತಾಗದಂತೆ ಅವಕ್ಕೂ ಚೀಲ ಹೊಲಿಸಿದ್ದರು.

ಬಟ್ಟೆಯ ವಿಷಯದಲ್ಲಿ ಮಾತ್ರ ಸೋತರು. ಹೆಂಗಸರಿಲ್ಲದ ಮನೆಯಲ್ಲಿ ಹಳೆ ಸೀರೆ ಎಲ್ಲಿಂದ ಬರಬೇಕು? ಕಾರ್ಖಾನೆಯ ನೀಲಿ ಅಂಗಿಗಳನ್ನು ತಂದು ಗುಡ್ಡೆ ಹಾಕಿದರು. ಟೆರಿಕಾಟು, ಅದಕ್ಕೆ ಸೂಜಿ ಇಳಿಯಲೊಲ್ಲದು. ಮೊದಲ ಸೂಜಿ ಅಲ್ಲೇ ಮುರಿಯಿತು. ಉಟ್ಟು ಒಗೆದು ಮೆತ್ತಗಾದ ಹತ್ತಿಯ ಬಟ್ಟೆಯೇ ಆಗಬೇಕೆಂದು ನಾನು ಹೇಳಿದೆ. ನನ್ನ ಟ್ರಂಕಿನಿಂದ ನಮ್ಮವ್ವನ ಒಂದು ಸೀರೆ ತೆಗೆದೆ. ಸುದ್ದಿ ಕೇಳಿ ಖಾನಾವಳಿಯ ಅಕ್ಕಾರು ತಮ್ಮ ಇಲಕಲ್ಲ ಸೀರೆ ಎರಡು ಕೊಟ್ಟು ಕಳಿಸಿದರು. ನೀಲಿ ಅಂಗಿಗಳ ಜೇಬುಗಳನ್ನಷ್ಟೇ ಬಿಚ್ಚಿ ಅಂಚಿಗೆ ತೇಪೆ ಹಾಕೋಣವೆಂದೆವು.

ಗ್ಯಾಲರಿಯಲ್ಲಿ, ಎಲ್ಲರೂ ಓಡಾಡುವ ಜಾಗದಲ್ಲಿ, ಮಧ್ಯಾಹ್ನದ ಬಿಸಿಲಿಗೆ ಹಾಸಿ ಕೂತೆವು. ಗಂಡಸು ಸೂಜಿ ಹಿಡಿದದ್ದನ್ನು ನೋಡಿ ಮರಾಠಿ ಹೆಂಗಸರು "ಕಾಯ್ ಕಾಕಾ, ಗೋಧಡೀ?" ಎಂದು ನಗುತ್ತ ಹೋಗುತ್ತಿದ್ದರು. ಗೋಧಡಿ ಎಂದರೆ ಅವರ ಕೌದಿ; ಅವರವರ ಮನೆಯ ರೀತಿ ಅವರವರು ಹೇಳಿಕೊಟ್ಟರು. ಕಾಕಾ ಎಲ್ಲರಿಗೂ "ಹೋ, ಹೋ" ಎಂದು ತಲೆಯಾಡಿಸಿ, ಅವರು ಅತ್ತ ಹೋದ ಮೇಲೆ, "ನಮಗ ಅವ್ವನ ಗತೆ ಬೇಕು" ಎಂದು ನನಗಷ್ಟೇ ಕೇಳುವಂತೆ ಅನ್ನುತ್ತಿದ್ದರು.

ಒಂದು ದಿನ ನಾನು ನೆಗಡಿಯೆಂದು ಮಲಗಿಬಿಟ್ಟೆ. ಮರುದಿನ ಹೋಗಿ ನೋಡುತ್ತೇನೆ, ಕಾಕಾ ಒಬ್ಬರೇ ಕೆಲಸ ಶುರು ಮಾಡಿದ್ದಾರೆ. ಮೂಲೆಯಿಂದ ಮೂಲೆಗೆ ಸುಣ್ಣದ ದಾರ ಹೊಡೆದು ನಟ್ಟನಡುವಿನ ಬಿಂದು ಹಿಡಿದಿದ್ದಾರೆ. ಅಲ್ಲಿಂದ ಹೊರಟು ಸುತ್ತ ಸುತ್ತ, ಗೇಣಗಲ ಹೊಲಿದಿದ್ದಾರೆ. ಹೊಲಿಗೆ ಎಷ್ಟು ಸಮವೆಂದರೆ ಮಷೀನಿಗೆ ಹೊಟ್ಟೆಕಿಚ್ಚಾಗಬೇಕು.

"ಅಯ್ಯ ಕಾಕಾ! ಹೊಟ್ಟಿ ಹೊಲದುಬಿಟ್ಟೀರಲ್ರಿ!" ಎಂದು ನಾನು ಕೂಗಿಯೇ ಬಿಟ್ಟೆ.

ಅವರು ಗಾಬರಿಯಾಗಿ ಸೂಜಿ ಕೆಳಗಿಟ್ಟರು. "ಸೆಂಟರಿನಿಂದಲ್ಲೇನವಾ ಶುರು ಮಾಡೂದು? ನಡುವಿಂದ ಹೊರಟ್ರ ಸುಕ್ಕು ಹೊರಗ ಹೋಗ್ತಾವ."

ಅವರ ಲೆಕ್ಕ ತಪ್ಪಲ್ಲ. ಆದರೆ ಕೌದಿಯ ಲೆಕ್ಕ ಬೇರೆ. ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ಒಳಗೆ ಬರಬೇಕು. ನಟ್ಟನಡುವೆ ಅಂಗೈಯಷ್ಟು ಜಾಗ ಬಿಡಬೇಕು. ಅದು ಕೌದಿಯ ಹೊಟ್ಟೆ. ಕೊನೆಯ ದಿನ ಅಲ್ಲಿ ಒಂದು ಚೂರು ರೊಟ್ಟಿ, ಒಂದು ಚೂರು ಬೆಲ್ಲ ಇಟ್ಟು, ಮೇಲೊಂದು ತೇಪೆ ಹಾಕಿ ಮುಚ್ಚಬೇಕು. ನಮ್ಮಜ್ಜಿ ಹೊಟ್ಟೆ ತುಂಬಿಸದ ಕೌದಿಯನ್ನು ಯಾರಿಗೂ ಹೊಚ್ಚಲು ಬಿಡುತ್ತಿರಲಿಲ್ಲ. ಹಸಿದ ಕೌದಿ ಹೊಚ್ಚಿಕೊಂಡವರು ಮನೆಯ ಅನ್ನಕ್ಕೆ ಎರವಾಗುತ್ತಾರೆ ಎನ್ನುತ್ತಿದ್ದಳು.

ಕಾಕಾ ಅದನ್ನೆಲ್ಲ ಕಿವಿಗೊಟ್ಟು ಕೇಳಿದರು. ಆಮೇಲೆ ಕತ್ತರಿಯ ತುದಿಯಿಂದ ತಮ್ಮ ಹೊಲಿಗೆಯನ್ನು ಬಿಚ್ಚತೊಡಗಿದರು. ಬಿಚ್ಚುತ್ತ ಕೇಳಿದರು: "ಎಲ್ಲೀ ರೊಟ್ಟಿ ಇಟ್ರೂ ನಡೀತದೇನವಾ?"

"ಯಾರ ಕೌದಿನೋ ಅವರ ಮನಿ ರೊಟ್ಟಿ ಇಡಬೇಕ್ರಿ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರ ಮನೆಯಲ್ಲಿ ಒಲೆಯೇ ಇರಲಿಲ್ಲ. ಚಹಾ ಕೂಡ ಹೊರಗಿನದು. ಒಂದು ಕೊಡ, ಒಂದು ಲೋಟ, ಒಂದು ಮಂಚ, ಒಂದು ಟ್ರಂಕು, ಆ ಗೋಡೆ ಗಡಿಯಾರ. ಅವರಿಗೆ ಎಷ್ಟೋ ವರ್ಷಗಳಿಂದ ಇದ್ದದ್ದು ಮನೆಯಲ್ಲ, ಬೀಗ ಹಾಕುವ ಒಂದು ಕೋಣೆ. ನಾನು ಗಡಬಡಿಸಿ, "ನಮ್ಮ ಮನಿ ರೊಟ್ಟಿ ತರ್ತೀನ್ರಿ, ಅದೂ ನಿಮ್ಮ ಮನಿ ಇದ್ದಂಗ ಅಲ್ಲೇನ್ರಿ" ಎಂದೆ.

"ಅದು ನಿಮ್ಮ ಕೌದಿಗೆ ಇಡು ತಂಗಿ" ಎಂದರು. ದನಿಯಲ್ಲಿ ಬೇಸರ ಇರಲಿಲ್ಲ. "ಇದಕ್ಕ ನನ್ನ ಮನೀದು ಬೇಕು."

ಅವತ್ತಿನಿಂದ ಅಂಚಿನಿಂದ ಒಳಗೆ ಹೊಲಿಯುತ್ತ ಬಂದೆವು. ದಿನಕ್ಕೊಂದಿಷ್ಟು ಸುತ್ತು. ನಡುವಿನ ಜಾಗ ಕಿರಿದಾದಂತೆಲ್ಲ ಕಾಕಾ ಅವರ ಕೈ ನಿಧಾನವಾಗುತ್ತಿತ್ತು. ಇನ್ನೇನು ಹೊಟ್ಟೆಯಷ್ಟೇ ಉಳಿದಾಗ ಕೌದಿಯನ್ನು ಮಡಚಿ ಟ್ರಂಕಿನ ಮೇಲಿಟ್ಟರು. ಆ ವರ್ಷ ಚಳಿ ಜಾಸ್ತಿ. ಹಳೆಯ ಕೌದಿ ಹೊಸದರೊಳಗೆ ಸೇರಿಹೋಗಿತ್ತು, ಹೊಸದನ್ನು ಹೊಚ್ಚುವಂತಿರಲಿಲ್ಲ. ಕಂಪನಿ ಕೊಟ್ಟ ತೆಳ್ಳನೆಯ ಶಾಲು ಹೊದ್ದು ಮಲಗುತ್ತಿದ್ದರು. ಬೆಳಿಗ್ಗೆ ಗ್ಯಾಲರಿಗೆ ಬಂದಾಗ ದವಡೆ ನಡುಗುತ್ತಿತ್ತು. "ಹೊಚ್ಚಿಕೊಳ್ರಿ ಕಾಕಾ, ಅಜ್ಜಿ ಮಾತು ಯಾರು ನೋಡ್ಯಾರ" ಎಂದರೆ ತಲೆಯಾಡಿಸಿಬಿಡುತ್ತಿದ್ದರು.

ಆಮೇಲೊಂದು ದಿನ ಅವರ ಬಾಗಿಲ ಮುಂದೆ ಹೊಸ ಸ್ಟೋವು, ಕಬ್ಬಿಣದ ಹಂಚು, ಕೊಣಮಿಗೆ ಕಂಡವು. ಕೊಣಮಿಗೆ ಎಂದರೆ ನಾವು ಹಿಟ್ಟು ನಾದುವ ಕಟ್ಟಿಗೆಯ ಪರಾತ. ಅದನ್ನು ಎಲ್ಲಿ ಹುಡುಕಿ ತಂದರೋ. ಹಂಚಿನ ಅಂಚನ್ನು ಆಗಲೇ ಅರದಿಂದ ಉಜ್ಜಿ ನುಣುಪು ಮಾಡಿದ್ದರು.

"ತಂಗಿ, ಈಗ ನನಗ ರೊಟ್ಟಿ ಮಾಡೂದು ಕಲಿಸು" ಎಂದರು.

ಬಾಗಿಲು ಪೂರ್ತಿ ತೆರೆದಿಟ್ಟು, ನಾನು ಹೊಸ್ತಿಲ ಹೊರಗೆ ಕುಳಿತು ಹೇಳುವುದು, ಅವರು ಒಳಗೆ ಬಡಿಯುವುದು. ಕುದಿಯುವ ನೀರು ಹಾಕಿ ಹಿಟ್ಟು ನಾದುವುದೇ ಅವರಿಗೆ ಬಗೆಹರಿಯಲಿಲ್ಲ. ನೀರು ಎಷ್ಟು ಎಂದರೆ ನಾನು ಕೈ ತೋರಿಸುತ್ತಿದ್ದೆ, ಅವರಿಗೆ ಲೋಟದ ಲೆಕ್ಕ ಬೇಕು. ಮೊದಲ ರೊಟ್ಟಿ ಹಂಚಿಗೆ ಹೋಗುವ ಮುಂಚೆಯೇ ಮೂರು ಹೋಳು. ಆಮೇಲಿನವು ಒಂದು ಕಡೆ ದಪ್ಪ, ಒಂದು ಕಡೆ ತೂತು. ಅಂಚಿನ ಮೇಲೆ ಹೆಬ್ಬೆರಳು ಸವರಿ, "ರಿಜೆಕ್ಟ್" ಎಂದು ತಾವೇ ಬದಿಗಿಡುತ್ತಿದ್ದರು. ರಿಜೆಕ್ಟ್ ಆದದ್ದನ್ನೆಲ್ಲ ತಾವೇ ತಿನ್ನುತ್ತಿದ್ದರು. ನಾನು ನಕ್ಕು ನಕ್ಕು ಗೋಡೆಗೆ ಒರಗುತ್ತಿದ್ದೆ. ಮದುವೆಯಾಗಿ ಬಂದ ಮೇಲೆ ಆ ಕಟ್ಟಡದಲ್ಲಿ ನಾನು ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು.

ಸಂಕ್ರಾಂತಿಯ ಹಿಂದಿನ ದಿನ ಭೋಗಿ. ಖಾನಾವಳಿ ಬಂದ್. ನನ್ನ ಗಂಡನಿಗೆ ರಜೆ ಇರಲಿಲ್ಲ. ಬೆಳಿಗ್ಗೆ ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮ್ಮ ಬಾಗಿಲಿಗೆ ಬಂದು, ಬಾಗಿಲಿಂದ ಎರಡು ಹೆಜ್ಜೆ ದೂರ ನಿಂತು ಹೇಳಿದರು: "ಇವತ್ತು ನಮ್ಮ ಮನ್ಯಾಗ ಊಟಾ. ನೀ ಒಲಿ ಹಚ್ಚಬ್ಯಾಡ."

ಹೋದೆ. ಬಾಗಿಲಿಗೆ ರಂಗೋಲಿ ಎಂದು ಸ್ಕೇಲು ಹಿಡಿದು ಎಳೆದ ನಾಲ್ಕು ಗೆರೆ. ಒಳಗೆ ಚಾಪೆ, ಮುಂದೊಂದು ಹೊಸ ತಾಟು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ನನ್ನನ್ನು ಕೂಡಿಸಿ ಬಡಿಸಿದರು. ರೊಟ್ಟಿ ಗುಂಡಗಿರಲಿಲ್ಲ, ಪಲ್ಯಕ್ಕೆ ಉಪ್ಪು ಮುಂದಾಗಿತ್ತು. ನಾನು ತುತ್ತು ಮುರಿದೆ. ಆ ಊರಿಗೆ ಬಂದಾಗಿನಿಂದ ನಾನು ಬಡಿಸಿದ್ದೆನೇ ಹೊರತು ನನ್ನನ್ನು ಕೂಡಿಸಿ "ಇನ್ನೊಂದು ಹಾಕ್ಕೋ" ಎಂದವರು ಯಾರೂ ಇರಲಿಲ್ಲ. ಕಣ್ಣೀರು ತಾಟಿಗೆ ಬಿತ್ತು. ಕಾಕಾ ಅದನ್ನು ನೋಡಿಯೂ ನೋಡದವರಂತೆ, "ಖಾರ ಜಾಸ್ತಿ ಆಗೇದ ಅನಸ್ತದ" ಎಂದು ಮೊಸರು ಮುಂದೆ ದೂಡಿದರು.

ಉಂಡಾದ ಮೇಲೆ ಕೌದಿ ಬಿಚ್ಚಿದರು. ರೊಟ್ಟಿಯ ಚೂರು, ಬೆಲ್ಲದ ಚೂರು ಒಂದು ಬಸಿಯಲ್ಲಿಟ್ಟು ನನ್ನ ಮುಂದೆ ಹಿಡಿದರು. "ತಂಗಿ, ನೀನ ಇಡು."

ನನ್ನ ಕೈ ಹಿಂದೆ ಸರಿಯಿತು. ಒಂದು ಮಾತನ್ನು ನಾನು ಅವರಿಗೆ ಹೇಳಿರಲಿಲ್ಲ. ನಮ್ಮೂರಿನಲ್ಲಿ ಕೌದಿಯ ಹೊಟ್ಟೆ ತುಂಬಿಸಲು ಮಕ್ಕಳನ್ನು ಹೆತ್ತ ಹೆಂಗಸನ್ನೇ ಕರೆಯುತ್ತಾರೆ. ತವರಿನಲ್ಲಿ ಹಿಂದಿನ ವರ್ಷ ತಮ್ಮನ ಮಗುವಿಗೆ ಕೌದಿ ಹೊಲಿದಾಗ, ರೊಟ್ಟಿ ಹಿಡಿದು ಮುಂದಾದ ನನ್ನನ್ನು ಚಿಕ್ಕಮ್ಮ ಮೆತ್ತಗೆ ಬದಿಗೆ ಸರಿಸಿದ್ದಳು.

"ಮಕ್ಕಳಿಲ್ಲದಾಕಿ ಇಡಬಾರದ್ರಿ ಕಾಕಾ."

ಕಾಕಾ ಹುಬ್ಬು ಗಂಟಿಕ್ಕಿದರು. ಟೂಲ್ ರೂಮಿನಲ್ಲಿ ತಪ್ಪು ಅಳತೆ ತಂದವರನ್ನು ಹೀಗೇ ನೋಡುತ್ತಿದ್ದರೋ ಏನೋ. "ಅದು ಯಾವ ಡ್ರಾಯಿಂಗಿನ್ಯಾಗ ಬರದದವಾ? ತೋರಸು, ನೋಡೂಣು."

ಅವರು ಬಸಿ ಹಿಡಿದೇ ಕುಳಿತರು. ಕೊನೆಗೆ ನಾನು ರೊಟ್ಟಿಯ ಚೂರು ಎತ್ತಿ ನಡುವೆ ಇಟ್ಟೆ, ಮೇಲೆ ಬೆಲ್ಲ ಇಟ್ಟೆ. ಅಕ್ಕಾರ ಸೀರೆಯ ತೇಪೆ ಮುಚ್ಚಿ ಕಾಕಾ ಹೊಲಿದರು, ನಾನು ದಾರ ಕತ್ತರಿಸಿದೆ. ಹೊಲಿದ ಜಾಗವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, "ಸೈಜಿನ್ಯಾಗ ಅದ" ಎಂದರು. ಆ ರಾತ್ರಿ ಅವರು ಕೌದಿ ಹೊದ್ದು ಮಲಗಿದರು. ಬೆಳಿಗ್ಗೆ ಎಂದೂ ಇಲ್ಲದಷ್ಟು ತಡವಾಗಿ ಎದ್ದರೆಂದು ಪಕ್ಕದ ಮನೆಯವರು ಹೇಳಿದರು.

ಅಲ್ಲಿಂದ ಮುಂದೆ ಯಾವ ಹಬ್ಬದಲ್ಲೂ ಅವರು ಪಾವು ತಿನ್ನಲಿಲ್ಲ. ದಿನದ ಊಟ ಖಾನಾವಳಿಯಲ್ಲೇ, ಆದರೆ ಹಬ್ಬಕ್ಕೆ ಅವರ ಮನೆಯಲ್ಲಿ ಒಲೆ ಹತ್ತುತ್ತಿತ್ತು, ನನಗೆ ಅಲ್ಲಿ ತಾಟು ಇರುತ್ತಿತ್ತು. ಗಂಡನಿಗೆ ರಜೆ ಸಿಕ್ಕರೆ ಅವರಿಗೂ. ಹೀಗೆ ಕೆಲವು ವರ್ಷ ನಡೆಯಿತು. ಅವರಿಗೆ ನನ್ನಿಂದ ಆದ ಉಪಕಾರ ಏನೂ ಇಲ್ಲ; ನನಗೆ ಅವರಿಂದ ಆ ಊರಿನಲ್ಲಿ ಒಂದು ತವರು ಆಯಿತು.

ಒಂದು ಮಳೆಗಾಲದ ಮಧ್ಯಾಹ್ನ ಕಾಕಾ ಖಾನಾವಳಿಯಲ್ಲಿ ಉಂಡು, ಕೈತೊಳೆದು, ಗೋಡೆಯ ಪಕ್ಕದ ಬೆಂಚಿನ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. ನಿದ್ದೆ ಹತ್ತಿರಬೇಕೆಂದು ಅಕ್ಕಾರು ಬಹಳ ಹೊತ್ತು ಎಬ್ಬಿಸಿರಲಿಲ್ಲ. ರೋಣದಿಂದ ಅವರ ತಂಗಿಯ ಮಗ ಬರುವಷ್ಟರಲ್ಲಿ ಮರುದಿನವಾಯಿತು. ಒಳ್ಳೆಯ ಹುಡುಗ, ಆದರೆ ಸೋದರಮಾವನನ್ನು ಅವನು ನೋಡಿದ್ದೇ ಕಡಿಮೆ. ಸತ್ತವರ ಹಾಸಿಗೆ ಹೊದಿಕೆ ಮನೆಯಲ್ಲಿ ಇಡಬಾರದೆಂದು ಯಾರೋ ಹೇಳಿದಾಗ ಅವನು ನನ್ನ ಮುಖ ನೋಡಿದ. ಕೌದಿಯನ್ನು ಇಟ್ಟುಕೊಳ್ಳುವ ಆಸೆ ನನಗೆ ಇತ್ತು. ಆದರೆ ಅದರೊಳಗೆ ಅವರ ಅವ್ವ ಇದ್ದಳು. ನಾನೇ ತಂದು ಅವರಿಗೆ ಹೊಚ್ಚಿ, ಕಾಲಿನ ಕಡೆ ಸರಿಯಾಗಿ ಮಡಚಿ ಕಳಿಸಿದೆ. ಹುಡುಗ ಸ್ಮಶಾನದಿಂದಲೇ ಊರಿನ ದಾರಿ ಹಿಡಿದ. ಕಾಕಾ ಅವರ ಮನೆಗೆ ಬೀಗ ಬಿತ್ತು.

ಗಂಡ ಸ್ಮಶಾನದಿಂದ ಬಂದು ಸ್ನಾನ ಮಾಡಿ ಕುಳಿತರು. ಹಿಂದಿನ ದಿನದಿಂದ ಇಬ್ಬರಿಗೂ ಊಟವಿಲ್ಲ. ಏನಾದರೂ ಮಾಡೋಣವೆಂದು ಎದ್ದು ಒಲೆಯ ಮುಂದೆ ನಿಂತೆ. ಕಡ್ಡಿಪೆಟ್ಟಿಗೆ ಕೈಯಲ್ಲಿತ್ತು, ಗೀರಲು ಕೈ ಬರಲಿಲ್ಲ. ಪಕ್ಕದ ಮನೆಯಾಕೆ ಇಣುಕಿ, ಕಾಕಾ ನಿಮಗೇನಾಗಬೇಕು ಎಂದು ಮರಾಠಿಯಲ್ಲಿ ಕೇಳಿದಳು. ಒಲೆ ಹಚ್ಚದೆ ಹಾಗೆಯೇ ನೆಲಕ್ಕೆ ಕುಳಿತೆ.

ಸಂಜೆ ಮಳೆಯಲ್ಲಿ ನೆನೆದುಕೊಂಡು ಖಾನಾವಳಿಯ ಅಕ್ಕಾರು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ದೊಡ್ಡ ಡಬ್ಬಿ. ಅವರನ್ನು ಯಾರೂ ಕರೆದಿರಲಿಲ್ಲ. ಬೀಗ ಹಾಕಿದ ಆ ತುದಿಯ ಬಾಗಿಲ ಮುಂದೆ ಒಂದು ಕ್ಷಣ ನಿಂತರು. ಆಮೇಲೆ ಗ್ಯಾಲರಿಯುದ್ದಕ್ಕೂ, ನಡುವಿನ ಎಲ್ಲ ಬಾಗಿಲು ದಾಟಿ ನಡೆದು ಬಂದು, ನಮ್ಮ ಹೊಸ್ತಿಲ ಒಳಗೆ ಡಬ್ಬಿ ಇಟ್ಟರು.

"ಸೂತಕದ ಮನ್ಯಾಗ ಒಲಿ ಹಚ್ಚಬಾರದವಾ" ಎಂದರು. "ಏಳು, ಉಣ್ಣು."